ಅಪ್ಪನ ಗಾದಿ, ನನ್ನ ಅರ್ಜಿ

ಮೂವತ್ತೇಳನೆಯ ವಯಸ್ಸಿನಲ್ಲಿ ನಾನು ಹೊರದೇಶದ ಕಾಲೇಜೊಂದರಲ್ಲಿ ವ್ಯಾಪಾರ ಓದಲು ಹೊರಟಿದ್ದೆ ಎಂದರೆ ಚನ್ನಗಿರಿಯಲ್ಲಿ ಇವತ್ತಿಗೂ ನಗುತ್ತಾರೆ. ವ್ಯಾಪಾರ ಕಲಿಯುವುದಕ್ಕೆ ವಿಮಾನ ಯಾಕೆ, ಪೇಟೆ ಬೀದಿಯಲ್ಲಿ ಎರಡು ಸೀಸನ್ ಕೂತರೆ ಸಾಲದೇ ಎನ್ನುತ್ತಾರೆ. ಅಷ್ಟರಲ್ಲಾಗಲೇ ನಾನು ಕೂತದ್ದು ಎರಡಲ್ಲ, ಹನ್ನೆರಡು ಸೀಸನ್. ಹಾಗೆ ಕೂತಿದ್ದೆನೆಂದು ಬರೆದುಕೊಡುವವರು ಬೇಕಾದಾಗ ಊರಲ್ಲಿ ಒಬ್ಬರೂ ಸಿಗಲಿಲ್ಲ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಹೇಳುವಾಗ ದನಿ ಏರಿದರೆ ಓದುವವರು ಸಹಿಸಿಕೊಳ್ಳಬೇಕು. ಮಂಡಿಯಲ್ಲಿ ಬೆಳೆದವಳು ನಾನು, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

ನಮ್ಮದು ಅಡಿಕೆ ಮಂಡಿ. ಕೆರೆಬಿಳಚಿ, ಸಂತೇಬೆನ್ನೂರಿನ ಕಡೆಯ ರೈತರು ಮೂಟೆ ತಂದು ಇಳಿಸುತ್ತಿದ್ದರು. ಹೊನ್ನಾಳಿ, ನ್ಯಾಮತಿಯ ಖರೀದಿದಾರರು ಬಂದು ಕೊಳ್ಳುತ್ತಿದ್ದರು. ನಡುವೆ ಕೂತು ರೇಟು ಕುದುರಿಸುವವನು ನನ್ನಪ್ಪ. ಆಗಿನ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಪಡಸಾಲೆಯ ಗಾದಿಯ ಮೇಲೆ ಅಪ್ಪ ಮತ್ತು ಖರೀದಿದಾರ ಎದುರೆದುರು ಕೂತು, ಕೈಗಳ ಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ರೇಟು ಹೇಳುತ್ತಿದ್ದರು. ಒಂದು ಬೆರಳಿಗೆ ಒಂದು ಲೆಕ್ಕ, ಇಡೀ ಹಸ್ತಕ್ಕೆ ಇನ್ನೊಂದು ಲೆಕ್ಕ. ಸುತ್ತ ಹತ್ತು ಜನ ನಿಂತಿದ್ದರೂ ರೇಟು ಆ ಇಬ್ಬರಿಗೇ ಗೊತ್ತು. ಸರ್ಕಾರದವರು ಮಾರುಕಟ್ಟೆಗೆ ಟೆಂಡರ್ ಪದ್ಧತಿ ತಂದ ಮೇಲೂ ಹಳಬರು ಟವೆಲ್ಲು ಬಿಟ್ಟಿರಲಿಲ್ಲ. ಹೆಂಗಸು ಪರಗಂಡಸಿನ ಕೈ ಹಿಡಿಯುವ ಹಾಗಿಲ್ಲವಾದ್ದರಿಂದ ಈ ವ್ಯಾಪಾರ ಹೆಂಗಸರದ್ದಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಎಪ್ಪತ್ತರ ದಶಕದ ಶುರುವಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ನಾನು ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಬಂದು, ತಕ್ಕಡಿ ಕೋಣೆಯಲ್ಲಿ ತೂಕ ಬರೆಯುತ್ತ, ಮನೆಯವರು ಗಂಡು ಹುಡುಕುವುದನ್ನು ನೋಡುತ್ತ ಕೂತಿದ್ದ ಕಾಲ. ಅಪ್ಪನ ಬಲಭಾಗವೆಲ್ಲ ಬಿದ್ದುಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎಡಗೈಯಿಂದ ಗಾದಿಯ ಕಡೆ ತೋರಿಸಿ ತೋರಿಸಿ ಅತ್ತರು. ಹಮಾಲರು ಎತ್ತಿ ತಂದು ಕೂರಿಸಿದರು. ಅಮ್ಮ ತಲೆಗೆ ಟೋಪಿ ಇಟ್ಟು, ಹಣೆಗೆ ವಿಭೂತಿ ಹಚ್ಚಿ, ದಿಂಬು ಒತ್ತಿ ಕೊಟ್ಟಳು.

ಅವತ್ತು ಕೆರೆಬಿಳಚಿಯ ರೈತನೊಬ್ಬನ ಮಾಲು ಬಂದಿತ್ತು. ಕೊಳ್ಳಲು ಬಂದವರು ನ್ಯಾಮತಿಯ ಸಾಹುಕಾರರು, ಅಪ್ಪನಿಗಿಂತ ಹತ್ತು ವರ್ಷಕ್ಕೆ ಹಿರಿಯರು, ಖರೀದಿದಾರರಿಗೆಲ್ಲ ಅವರೇ ಮುಖಂಡರು. ಎದುರಿಗೆ ಕೂತು ಬಲಗೈ ಚಾಚಿ ಟವೆಲ್ಲು ಹೊದಿಸಿದರು. ಅಪ್ಪ ಎಡಗೈ ಚಾಚಿದರು. ವ್ಯಾಪಾರಕ್ಕೆ ಎಡಗೈ ಕೊಡುವುದೆಂದರೆ ನಮ್ಮಲ್ಲಿ ಮುಖಕ್ಕೆ ಉಗಿದ ಹಾಗೆ. ಸಾಹುಕಾರರು ಒಂದು ಗಳಿಗೆಯೂ ತಡಮಾಡದೆ ತಮ್ಮ ಬಲಗೈ ಹಿಂದಕ್ಕೆ ತೆಗೆದು ತಾವೂ ಎಡಗೈಯನ್ನೇ ಒಳಗಿಟ್ಟರು. ಅಪ್ಪ ಬೆರಳು ಒತ್ತಿದರು. ಸಾಹುಕಾರರ ಹುಬ್ಬು ಮೇಲೆದ್ದಿತು. ಆದರೆ "ಆತು ಯಜಮಾನ್ರೇ, ಮಾಲು ತುಂಬಿಸ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎದ್ದು, ನೇರ ನಾನಿದ್ದ ತಕ್ಕಡಿ ಕೋಣೆಗೆ ಬಂದರು.

"ತಾಯಿ, ನಿಮ್ಮಪ್ಪಾರು ಅರ್ಧ ರೇಟಿಗೆ ಕೊಟ್ರು. ಲೆಕ್ಕ ತಪ್ಪೈತೆ ಅವರಿಗೆ. ಆ ರೈತನ ಗತಿ ಏನು? ನಿಜವಾದ ರೇಟು ನೀನು ಹೇಳು."

ನಾನು ಹೇಳಿದೆ. ಇಪ್ಪತ್ತೈದರ ಹುಡುಗಿ ಎಂದು ಬಿಟ್ಟುಕೊಡಲಿಲ್ಲ ಅವರು, ಸರಿಯಾಗಿಯೇ ಚೌಕಾಸಿ ಮಾಡಿದರು. ನಾನೂ ಬಿಡಲಿಲ್ಲ. ಚಹಾ ಕುಡಿದು ಎದ್ದರು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ, ಯಾರೂ ಯಾರಿಗೂ ಆಣೆ ಹಾಕಲಿಲ್ಲ. ಬಂದ ಖರೀದಿದಾರ ಮೊದಲು ಅಪ್ಪನ ಎದುರು ಕೂತು ಎಡಗೈ ಕೊಡಬೇಕು, ಅಪ್ಪನ ಬೆರಳು ಏನು ಹೇಳಿದರೂ "ಆತು ಯಜಮಾನ್ರೇ" ಎನ್ನಬೇಕು, ಆಮೇಲೆ ಚಹಾದ ನೆಪದಲ್ಲಿ ಒಳಗೆ ಬಂದು ನನ್ನ ಹತ್ತಿರ ನಿಜವಾದ ರೇಟು ಕುದುರಿಸಬೇಕು. ಹೊಸಬರು ಬಂದರೆ ಮೂಲೆಯ ಚಹಾದಂಗಡಿಯಲ್ಲೇ ಅವರಿಗೆ ಪಾಠವಾಗುತ್ತಿತ್ತು. ನನ್ನ ಊರಿನವರನ್ನು ನಾನು ಬೈದಷ್ಟು ಯಾರೂ ಬೈದಿರಲಾರರು. ಆದರೆ ಕೆಲಸಕ್ಕೆ ಬಾರದ ಒಂದು ಕೈಯನ್ನು ಹದಿನೈದು ಸೀಸನ್ ಹಿಡಿದ ಈ ಜನರನ್ನು ಯೋಚಿಸಿದರೆ ಬೈಗುಳ ಗಂಟಲಲ್ಲೇ ನಿಲ್ಲುತ್ತದೆ.

ಅಪ್ಪನಿಗೆ ಇದರಲ್ಲಿ ಎಷ್ಟು ತಿಳಿಯುತ್ತಿತ್ತೋ ನಮಗೆ ಗೊತ್ತಿರಲಿಲ್ಲ. ವ್ಯಾಪಾರದ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು, ಅಷ್ಟು ಗೊತ್ತು. ಮಂಡಿ ಬೆಳೆಯಿತು. ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಎಲ್ಲ ತರಗಳನ್ನೂ ಒಟ್ಟಿಗೆ ತೂಗುತ್ತಿದ್ದುದನ್ನು ನಿಲ್ಲಿಸಿ ಬೇರೆ ಬೇರೆ ಆರಿಸಿ ಮಾರಲು ಶುರುಮಾಡಿದವಳು ನಾನು. ರೈತರಿಗೆ ತೂಕದ ಚೀಟಿಯನ್ನು ಕೈಗೆ ಕೊಡುವ ರೂಢಿ ತಂದವಳು ನಾನು. ಪಕ್ಕದ ಮಂಡಿಗಳವರು ನಮ್ಮನ್ನು ನೋಡಿ ಕಲಿತರು. ಊರು ಮಾತ್ರ "ಯಜಮಾನರ ಕೈಗುಣ" ಎನ್ನುತ್ತಿತ್ತು. ನಾನೂ ಹಾಗೇ ಎನ್ನುತ್ತಿದ್ದೆ.

ಮಂಡಿ ನಡೆಸುವವಳು ನಾನೆಂಬುದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಹೊನ್ನಾಳಿಯ ಮೇಷ್ಟ್ರು. ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು. ಹೆಂಡತಿಯ ಕಡೆಯಿಂದ ಬಂದ ಚೂರು ತೋಟದ ಅಡಿಕೆ ಮಾರಲು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ರೈತರ ಸಾಲಿನಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ ಮನುಷ್ಯ. ಒಂದು ವರ್ಷ ಪೇಪರ್ ಮಡಿಚಿ ತಕ್ಕಡಿ ಕೋಣೆಯ ಬಾಗಿಲಿಗೆ ಬಂದು, "ಏನಮ್ಮಾ, ಹೊರಗೆ ನಾಟಕ, ಒಳಗೆ ವ್ಯಾಪಾರ. ನಿಮ್ಮ ಕಂಪನಿ ಚೆನ್ನಾಗೈತೆ" ಎಂದರು. ಅಪ್ಪನಿಗೆ ಕೇಳಿಸಿತೇನೋ ಎಂದು ನಾನು ಗಾದಿಯ ಕಡೆ ನೋಡಿದೆ. ಅವರು ನಕ್ಕು, ತಾವು ಹಿಂದೊಮ್ಮೆ ತರಬೇತಿಗೆಂದು ಹೊರದೇಶಕ್ಕೆ ಹೋಗಿದ್ದಾಗ ಅಲ್ಲಿ ವ್ಯಾಪಾರ ನಡೆಸುವುದನ್ನೇ ಕಲಿಸುವ ಕಾಲೇಜು ನೋಡಿದ್ದನ್ನು ಹೇಳಿದರು. ಅಲ್ಲಿಗೆ ಕೆಲಸ ಮಾಡಿ ಪಳಗಿದವರೇ ಬೇಕು. ನಮ್ಮಂಥ ದೇಶದ ಹೆಂಗಸರಿಗೆ ವಿದ್ಯಾರ್ಥಿವೇತನವೂ ಇದೆ. ವಯಸ್ಸು ನಲವತ್ತು ತುಂಬಿರಬಾರದು, ಅಷ್ಟೇ.

"ನಿಮಗೀಗ ಎಷ್ಟು?"

"ಮೂವತ್ತಾರು ನಡೀತೈತೆ ಸಾರ್."

"ಹಂಗಾದ್ರೆ ನಿಮ್ಮ ಹತ್ರ ಟೈಮೈತೆ, ಆದರೆ ಕೂತು ಎಲೆ ಹಾಕ್ಕೊಳ್ಳೋವಷ್ಟು ಇಲ್ಲ."

ಆ ರಾತ್ರಿ ನನಗೇನಾಯಿತೋ ಹೇಳಲಾರೆ. ಮದುವೆಯ ಮಾತು ಮುರಿದು ಹತ್ತು ವರ್ಷದ ಮೇಲಾಗಿತ್ತು, ಅದಕ್ಕೆ ನಾನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಆದರೆ ನನ್ನ ತಲೆಯಲ್ಲಿರುವ ವಿದ್ಯೆಗೂ ಒಂದು ಕಾಲೇಜು ಇದೆ, ಅಲ್ಲಿ ಬೆಂಚಿನ ಮೇಲೆ ನನ್ನ ಹೆಸರಿನಲ್ಲಿ ಕೂರಬಹುದು ಎನ್ನುವುದು ತಿಳಿದಾಗ ಅತ್ತುಬಿಟ್ಟೆ. ಅಷ್ಟು ಆಸೆ ನನ್ನೊಳಗೆ ಇತ್ತೆನ್ನುವುದು ನನಗೇ ಗೊತ್ತಿರಲಿಲ್ಲ.

ಅಮ್ಮನಿಗೆ ಹೇಳಿದಾಗ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ತಲೆ ನರೆಯೋ ಹೊತ್ತಿಗೆ ಸ್ಲೇಟು ಹಿಡಿದ್ಲಂತೆ" ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, "ಎರಡು ವರ್ಷ ತಾನೆ? ತಕ್ಕಡಿ ಕೋಣ್ಯಾಗೆ ನಾನು ಕೂರ್ತೀನಿ. ಇಷ್ಟು ವರ್ಷ ಒಲೆ ಮುಂದೆ ಕೂತು ನಿಮ್ಮ ರೇಟೆಲ್ಲ ಕೇಳಿಸ್ಕಂಡೀನಿ. ಹೋಗು" ಎಂದಳು. ಜಗಳೂರಿನಲ್ಲಿದ್ದ ಅವಳ ಅಣ್ಣನಿಗೆ ಸುದ್ದಿ ಮುಟ್ಟಿ, ಆ ಸೋದರಮಾವ ಮರುವಾರವೇ ಬಸ್ ಹತ್ತಿ ಬಂದ. ಅಲ್ಲೇ ಹತ್ತಿರದ ಸೊಕ್ಕೆ ಊರಿನಲ್ಲಿ ಹೆಂಡತಿ ಸತ್ತ ಒಬ್ಬ ವರ ಇದ್ದಾನೆ, ಶೇಂಗಾ ಹೊಲ ಇದೆ, ಎರಡು ಮಕ್ಕಳಿವೆ ಎಂದ. "ಓದಾಕೆ ವಯಸ್ಸು ಮುಗಿದೈತೆ, ಮದುವಿಗೆ ಇನ್ನೊಂದು ಗೇಣು ಉಳಿದೈತೆ" ಎಂದು ನನ್ನನ್ನು ಅಳೆದವನಂತೆ ಹೇಳಿದ. ನಾನು, "ಮಾವ, ಉಳಿದ ಗೇಣನ್ನ ನಾನೇ ಇಟ್ಕಂತೀನಿ, ನೀನು ಊಟ ಮಾಡಿ ಹೋಗು" ಎಂದೆ. ಊಟ ಮಾಡಿಯೇ ಹೋದ.

ಅಪ್ಪನಿಗೂ ಹೇಳಿದೆ. ಪಕ್ಕದಲ್ಲಿ ಕೂತು, ಓದಲು ಹೋಗಿ ಎರಡು ವರ್ಷಕ್ಕೆ ಬರುತ್ತೇನೆ ಎಂದೆ. ಅಪ್ಪ ನಕ್ಕು ಎಡಗೈಯಿಂದ ನನ್ನ ಕೆನ್ನೆ ತಟ್ಟಿದರು. ನಾನು ದಾವಣಗೆರೆಯ ಕಾಲೇಜಿಗೆ ಹೊರಟಾಗಲೂ ಹೀಗೇ ತಟ್ಟಿದ್ದರು. ಯಾವ ಓದು ಎಂದುಕೊಂಡರೋ.

ಒಂದು ವರ್ಷ ಭಾನುವಾರ ಬಂದರೆ ನಾನು ಹೊನ್ನಾಳಿಯ ಬಸ್ಸಿನಲ್ಲಿರುತ್ತಿದ್ದೆ. ಮೇಷ್ಟ್ರ ಮನೆಯ ಜಗಲಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಕೂರುವುದು. ಪ್ರವೇಶ ಪರೀಕ್ಷೆಯಲ್ಲಿ ಲೆಕ್ಕವೂ ಇತ್ತು, ಇಂಗ್ಲಿಷೂ ಇತ್ತು. ಲೆಕ್ಕಕ್ಕೆ ನಾನು ಹೆದರಲಿಲ್ಲ. ಎರಡು ರೈಲು ಎದುರುಬದುರು ಬಂದರೆ ಎಲ್ಲಿ ಸೇರುತ್ತವೆ ಎಂದು ಕೇಳುತ್ತಿದ್ದರು. ನಮ್ಮ ಊರಿಗೆ ರೈಲೇ ಬರುವುದಿಲ್ಲ, ಆದರೂ ಸೇರಿಸುತ್ತಿದ್ದೆ. ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ. ಒಂದು ಪುಟ ಓದಿ ಬರೆದವನ ಮನಸ್ಸಿನಲ್ಲಿ ಏನಿದೆ ಹೇಳು ಎಂದರೆ ನಾನು ಏನು ಹೇಳಲಿ? ಎದುರಿಗೆ ಕೂತವನ ಮನಸ್ಸಾದರೆ ಹೇಳಿಯೇನು. ಹೊಸ ಶಬ್ದಗಳನ್ನು ತಕ್ಕಡಿ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದೆ. ಹಮಾಲನೊಬ್ಬ ಅದನ್ನು ಬಹಳ ಹೊತ್ತು ನೋಡಿ, "ಅಕ್ಕಾರೆ, ಇದು ಯಾವ ಮಾಲಿನ ರೇಟು?" ಎಂದ. ಬಹಳ ದುಬಾರಿ ಮಾಲು, ನಮಗೆ ಎಟುಕುತ್ತದೋ ಇಲ್ಲವೋ ನೋಡಬೇಕು ಎಂದೆ.

ಪರೀಕ್ಷೆ ಬೆಂಗಳೂರಿನಲ್ಲಿ. ಬಾಗಿಲಲ್ಲಿದ್ದ ಹೆಂಗಸು ನನ್ನನ್ನು ತಡೆದು, ಮಕ್ಕಳನ್ನು ಮಾತ್ರ ಒಳಗೆ ಬಿಡುವುದು, ತಾಯಂದಿರು ಹೊರಗೆ ಕೂರಬೇಕು ಎಂದಳು. ನಾನು ಪ್ರವೇಶಪತ್ರ ತೋರಿಸಿದೆ. ಆಕೆ ನಾಚಿಕೊಂಡು, ಒಳಗೆ ಫ್ಯಾನಿನ ಕೆಳಗೇ ಜಾಗ ಮಾಡಿಕೊಟ್ಟಳು. ವಯಸ್ಸಿನಿಂದ ನನಗೆ ಸಿಕ್ಕ ಲಾಭ ಅದೊಂದೇ. ಪರೀಕ್ಷೆ ಚೆನ್ನಾಗಿಯೇ ಆಯಿತು. ಅಂಕ ಬಂದಾಗ ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ ನೋಡಿದರು.

ಕಷ್ಟವಾದದ್ದು ಪ್ರಬಂಧ. ನೀವು ನಡೆಸಿದ ಕೆಲಸವೊಂದನ್ನು ವಿವರಿಸಿ, ಅದರಲ್ಲಿ ನಿಮ್ಮ ತೀರ್ಮಾನ ಏನಿತ್ತು ಹೇಳಿ ಎಂದು ಕೇಳಿದ್ದರು. ನಾನು ಮೂರು ಪುಟ ಬರೆದುಕೊಂಡು ಹೋದೆ. ಮೇಷ್ಟ್ರು ಓದಿ, "ಇದು ನಿಮ್ಮಪ್ಪಾರ ಅರ್ಜಿನೋ, ನಿಮ್ಮದೋ?" ಎಂದರು. ನೋಡಿದರೆ ಬೇರೆ ಬೇರೆ ಆರಿಸಿ ಮಾರಿದ್ದು ಅಪ್ಪ, ಚೀಟಿ ಕೊಟ್ಟಿದ್ದು ಅಪ್ಪ, ಮಂಡಿ ಬೆಳೆಸಿದ್ದು ಅಪ್ಪ. ಸುಳ್ಳು ಬರೆಯಬೇಕೆಂದು ಬರೆದಿರಲಿಲ್ಲ, ಕೈಗೆ ಹಾಗೇ ರೂಢಿಯಾಗಿತ್ತು. ಮತ್ತೆ ಬರೆದೆ. ಮತ್ತೆ ಹಿಂದಕ್ಕೆ ಕೊಟ್ಟರು. ಕೊನೆಗೊಂದು ಭಾನುವಾರ ಅವರ ಜಗಲಿಯಲ್ಲೇ ಕೂತು ಬರೆದೆ: ನನ್ನ ತಂದೆ ಕಾಯಿಲೆ ಬಿದ್ದಂದಿನಿಂದ ಈ ಮಂಡಿಯನ್ನು ನಡೆಸುತ್ತಿರುವವಳು ನಾನು. ಬರೆದು ಪೆನ್ನು ಕೆಳಗಿಟ್ಟೆ. ಕಳ್ಳತನ ಮಾಡಿದ ಹಾಗೂ ಅನ್ನಿಸಿತು, ಕಳವಾದ ನನ್ನ ಒಡವೆ ಸಿಕ್ಕ ಹಾಗೂ ಅನ್ನಿಸಿತು. ಆ ಹಾಳೆಯನ್ನು ಮನೆಗೆ ತರಲಿಲ್ಲ. ಮೇಷ್ಟ್ರ ಹತ್ತಿರವೇ ಬಿಟ್ಟು ಬಂದೆ.

ಇನ್ನು ಉಳಿದದ್ದು ಇಬ್ಬರ ಶಿಫಾರಸು ಪತ್ರ. ಒಂದನ್ನು ಮೇಷ್ಟ್ರು ಬರೆದರು. ಇನ್ನೊಂದನ್ನು ನನ್ನ ಜೊತೆ ವ್ಯವಹಾರ ಮಾಡಿದವರು ಬರೆದು, ಮುಚ್ಚಿ, ತಾವೇ ನೇರವಾಗಿ ಆ ಕಾಲೇಜಿಗೆ ಕಳಿಸಬೇಕಿತ್ತು. ನ್ಯಾಮತಿಯ ಸಾಹುಕಾರರನ್ನು ಬಿಟ್ಟರೆ ನನಗೆ ಬೇರೆ ಯಾರು ನೆನಪಿಗೆ ಬರಬೇಕು? ಕೇಳಿದಾಗ ಅವರು ಎದ್ದು ನಿಂತುಬಿಟ್ಟರು. "ನನ್ನ ಕೈಯಿಂದ ಬರೆಸ್ಕಂತೀಯಾ ತಾಯಿ? ಬಂಗಾರದಂಗೆ ಬರೀತೀನಿ" ಎಂದರು. ತಮ್ಮ ಪರಿಚಯದ ವಕೀಲರಿಗೆ ಕನ್ನಡದಲ್ಲಿ ಹೇಳಿ, ಇಂಗ್ಲಿಷ್ ಮಾಡಿಸಿ, ಟೈಪು ಹೊಡೆಸಿ, ರುಜು ಮಾಡಿ, ಪೋಸ್ಟ್ ಆಫೀಸಿಗೆ ತಾವೇ ಹೋಗಿ ಕಳಿಸಿದರು.

ಎರಡು ತಿಂಗಳಿಗೆ ಉತ್ತರ ಬಂತು. ಮೇಷ್ಟ್ರ ವಿಳಾಸಕ್ಕೇ ಬರುವಂತೆ ಮಾಡಿದ್ದೆವು. ಅವರು ಓದಿ, ಕನ್ನಡಕ ತೆಗೆದಿಟ್ಟು, ಓದಿದ್ದನ್ನು ಕನ್ನಡದಲ್ಲಿ ಹೇಳಿದರು. ಅಂಕ ಚೆನ್ನಾಗಿದೆ, ಪ್ರಬಂಧ ಹಿಡಿಸಿದೆ. ಆದರೆ ಮಂಡಿಯನ್ನು ತಾವೇ ನಡೆಸುತ್ತಿರುವುದಾಗಿ ತಾವು ಬರೆದಿದ್ದೀರಿ. ಹನ್ನೆರಡು ವರ್ಷದಿಂದಲೂ ಪ್ರತಿಯೊಂದು ವ್ಯವಹಾರವೂ ತಮ್ಮ ತಂದೆಯವರ ಕೈಯಿಂದಲೇ ನಡೆಯುತ್ತಿದೆ, ತಾವು ಅವರ ಮಾತು ಒಮ್ಮೆಯೂ ಮೀರಿದವರಲ್ಲ ಎಂದು ತಮ್ಮ ಶಿಫಾರಸುದಾರರು ಬರೆದಿದ್ದಾರೆ. ಎರಡರಲ್ಲಿ ಯಾವುದು ಸರಿ ಎಂದು ಅವರಿಂದಲೇ ಬರೆಸಿ ಕಳಿಸಬೇಕು. ಸುಳ್ಳುಗಾರ್ತಿ ಎಂಬ ಪದ ಎಲ್ಲೂ ಇರಲಿಲ್ಲ. ಬಲು ಮರ್ಯಾದೆಯ ಇಂಗ್ಲಿಷ್. ಆ ಮರ್ಯಾದೆಗೆ ನನ್ನ ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ಚನ್ನಗಿರಿಗೆ ವಾಪಸು ಹೋಗಲಿಲ್ಲ. ನ್ಯಾಮತಿಯ ಬಸ್ ಹತ್ತಿದೆ. ಸಾಹುಕಾರರು ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಬಾ ತಾಯಿ, ಸೀಟು ಸಿಕ್ತಾ?" ಎಂದು ಮುಖ ಅರಳಿಸಿದರು. ನಾನು ನಿಂತೇ ಎಲ್ಲ ಹೇಳಿದೆ. ಕೂಗಿಯೇ ಹೇಳಿದೆ. ಅವರ ಸೊಸೆ ಹೊರಗೆ ಬಂದು ನೋಡಿ ಒಳಗೆ ಹೋದಳು.

ಸಾಹುಕಾರರಿಗೆ ಮೊದಲು ಅರ್ಥವೇ ಆಗಲಿಲ್ಲ. "ಇದಕ್ಕಿಂತ ಚಲೋ ನನ್ನ ಮಗಳಿಗೂ ಬರೀತಿರಲಿಲ್ಲ ತಾಯಿ. ಅಪ್ಪನ ಮಾತು ಮೀರದ ಮಗಳು ಅಂದ್ರೆ ಅದಕ್ಕಿಂತ ದೊಡ್ಡ ಮಾತು ಯಾವುದೈತೆ?"

"ಸಾವ್ಕಾರ್ರೇ, ನಿಮಗೆ ರೇಟು ಹೇಳಿದ್ದು ಯಾರು? ಅಪ್ಪನಾ, ನಾನಾ?"

"ನೀನೇ."

"ಹಂಗಂತ ಬರೀಬೇಕಿತ್ತು."

ಅವರು ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಬಹಳ ಮೆಲ್ಲಗೆ ಮಾತಾಡಿದರು.

"ನಿಮ್ಮಪ್ಪ ಇನ್ನೂ ಗಾದಿ ಮ್ಯಾಲೆ ಕೂತಾರೆ ತಾಯಿ. ಕೂತ ಮನುಷ್ಯನ್ನ ಕಾಗದದಾಗೆ ಹೆಂಗೆ ಎಬ್ಬಿಸ್ಲಿ? ನನಗೆ ಗೊತ್ತಿಲ್ಲ ಅಂತಲ್ಲ. ಈ ಪ್ಯಾಟ್ಯಾಗೆ ಎಲ್ರಿಗೂ ಗೊತ್ತೈತೆ. ಗೊತ್ತಿರೋದಕ್ಕೇ ಯಾರೂ ಹೇಳಲ್ಲ."

"ಅವರು ನನ್ನನ್ನ ಸುಳ್ಳಿ ಅಂತ ತಿಳ್ಕಂಡಾರೆ."

ಅದು ಅವರಿಗೆ ನಾಟಿತು. ಮಂಡಿಯಲ್ಲಿ ಕಳ್ಳ ಎನ್ನಿಸಿಕೊಂಡವನು ಹೇಗೋ ಬದುಕಿಯಾನು, ಸುಳ್ಳ ಎನ್ನಿಸಿಕೊಂಡವನ ಕೈಯನ್ನು ಯಾರೂ ಹಿಡಿಯುವುದಿಲ್ಲ. ಸಾಹುಕಾರರು ಟೋಪಿ ಮತ್ತೆ ತಲೆಗಿಟ್ಟರು. "ಬರೀತೀನಿ. ನಿಜಾನೇ ಬರೀತೀನಿ. ಆದ್ರೆ ನಲವತ್ತು ವರ್ಷ ಕೈ ಹಿಡಿದ ಮನುಷ್ಯನ ಬಗ್ಗೆ ಹಿಂದಿನಿಂದ ಬರೆಯೋ ಜಾತಿ ನಾನಲ್ಲ. ಎದುರಿಗೆ ಕೂತು, ಯಜಮಾನ್ರೇ, ಹಿಂಗೆ ಬರೀತಿದೀನಿ ಅಂತ ಹೇಳಿ ಬರೀತೀನಿ. ಒಪ್ಪಿಗೆ ಐತಾ?"

ಒಪ್ಪಿದೆ. ಆ ಕೋಪದಲ್ಲಿ ಏನು ಕೇಳಿದ್ದರೂ ಒಪ್ಪುತ್ತಿದ್ದೆ. ಅಪ್ಪನಿಗೆ ಒಂದು ದಿನ ದುಃಖವಾಗುತ್ತದೆ, ಸಮಾಧಾನ ಮಾಡಿದರಾಯಿತು. ನಾನೇನು ಮಂಡಿಯನ್ನು ಮುಳುಗಿಸುತ್ತಿದ್ದೇನೆಯೇ, ಉಳಿಸಿದವಳಲ್ಲವೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ವಾದ ಮಾಡಿಕೊಂಡು ಬಂದೆ. ವಾದದಲ್ಲಿ ನಾನೇ ಗೆದ್ದೆ.

ಎರಡು ದಿನ ಬಿಟ್ಟು ಸಾಹುಕಾರರು ಬಂದರು. ಒಗೆದ ಪಂಚೆ, ಇಸ್ತ್ರಿಯ ಕೋಟು. ಸಾವಿನ ಮನೆಗೋ ಮದುವೆ ಮನೆಗೋ ಹೊರಟವರ ಹಾಗಿದ್ದರು. ಅವತ್ತು ವ್ಯಾಪಾರದ ದಿನವಲ್ಲ. ಮಂಡಿಯಲ್ಲಿ ನಾನು, ಅಮ್ಮ, ಅಪ್ಪ ಬಿಟ್ಟರೆ ಯಾರೂ ಇರಲಿಲ್ಲ. ನಾನು ತಕ್ಕಡಿ ಕೋಣೆಯ ಬಾಗಿಲಲ್ಲಿ ನಿಂತೆ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ. ಅಮ್ಮನಿಗೆ ಎಲ್ಲ ಹೇಳಿದ್ದೆ. ಅವಳು ಬೇಡ ಎಂದಿರಲಿಲ್ಲ, ಮಾಡು ಎಂದೂ ಅಂದಿರಲಿಲ್ಲ.

"ಯಜಮಾನ್ರೇ, ಇವತ್ತು ವ್ಯಾಪಾರ ಇಲ್ಲ. ಒಂದು ಮಾತು ಹೇಳಾಕೆ ಬಂದೆ" ಎಂದರು ಸಾಹುಕಾರರು.

ಅಪ್ಪ ತಲೆ ಅಲ್ಲಾಡಿಸಿದರು. ಗಾದಿ ತಟ್ಟಿ ಕೂರು ಎಂದರು. ಎಡಗೈ ಮುಂದೆ ಚಾಚಿದರು. ಮೊದಲು ವ್ಯಾಪಾರ, ಮಾತು ಆಮೇಲೆ. ಸ್ನೇಹಿತ ಬಂದಿದ್ದಾನೆ ಎಂದ ಮೇಲೆ ಮಾಲು ಇದ್ದರೇನು, ಇಲ್ಲದಿದ್ದರೇನು. ಸಾಹುಕಾರರು ಹೆಗಲಿನಿಂದ ಟವೆಲ್ಲು ತೆಗೆದು ಹೊದಿಸಿದರು. ಒಳಗೆ ಬೆರಳುಗಳಾಡಿದವು. ಅಪ್ಪನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೂ ಕಣ್ಣು ಮಾತ್ರ ಹಳೆಯ ಅಪ್ಪನದೇ, ಎದುರಾಳಿ ಒಂದು ಬೆರಳು ಏರಿಸುತ್ತಾನೋ ಇಲ್ಲವೋ ಎಂದು ಮುಖವನ್ನೇ ನೋಡುವ, ಪೂರ್ತಿ ಬದುಕಿರುವ ಕಣ್ಣು. ದಿನದ ಉಳಿದ ಹೊತ್ತು ಆ ಕಣ್ಣು ನಮಗೆ ಕಾಣಿಸುತ್ತಿರಲಿಲ್ಲ.

ಸಾಹುಕಾರರು ನನ್ನ ಕಡೆ ತಿರುಗಿದರು. ಹೇಳಲಾ ಎಂದು ಕಣ್ಣಲ್ಲೇ ಕೇಳಿದರು. ಅಮ್ಮನೂ ನನ್ನನ್ನೇ ನೋಡುತ್ತಿದ್ದಳು. ನಾನು ಹೂಂ ಎನ್ನಬೇಕಿತ್ತು, ಅಷ್ಟೇ ಕೆಲಸ.

"ಸಾವ್ಕಾರ್ರೇ, ಚಾ ಆರ್ತೈತೆ. ಒಳಗೆ ಬರ್ರಿ" ಎಂದೆ.

ಅವರು ಟವೆಲ್ಲು ತೆಗೆದು, "ಆತು ಯಜಮಾನ್ರೇ" ಎಂದು ಗಟ್ಟಿಯಾಗಿ ಹೇಳಿ ಎದ್ದರು. ತಕ್ಕಡಿ ಕೋಣೆಗೆ ಬಂದು ನಿಂತರು. ನಮ್ಮಿಬ್ಬರಿಗೂ ಮಾತಾಡಲು ಅವತ್ತು ಯಾವ ರೇಟೂ ಇರಲಿಲ್ಲ. ಚಹಾ ಮಾಡಿರಲೂ ಇಲ್ಲ. ಅವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, "ದೊಡ್ಡ ಮನಸ್ಸು ತಾಯಿ ನಿಂದು" ಎಂದರು. ನನಗೆ ಆ ಮಾತು ಕೇಳಿ ಹೊಡೆಯುವಷ್ಟು ಸಿಟ್ಟು ಬಂತು. ದೊಡ್ಡ ಮನಸ್ಸಲ್ಲ ಅದು. ಹೇಳಿಸಿದ್ದರೆ ಅಪ್ಪನನ್ನು ನಾನು ಕೊಂದ ಹಾಗಾಗುತ್ತಿತ್ತು, ಹೇಳಿಸದೆ ನನ್ನನ್ನು ಕೊಂದುಕೊಂಡೆ. ಇದ್ದ ಎರಡರಲ್ಲಿ ಒಂದು. ಅದಕ್ಕೆ ದೊಡ್ಡದು ಸಣ್ಣದು ಎಲ್ಲಿಂದ ಬಂತು? ಅವರು ಹೋದ ಮೇಲೆ ಗೋಡೆಯ ಮೇಲಿದ್ದ ಶಬ್ದಗಳನ್ನೆಲ್ಲ ಗೋಣಿತಾಟಿನಿಂದ ಉಜ್ಜಿ ಒರೆಸಿದೆ. ಅಮ್ಮ ಬಂದು, "ನಿಮ್ಮಪ್ಪಾರಿಗೆ ನೀನೇ ಹೇಳಬಹುದಿತ್ತು" ಎಂದಳು. "ನೀನು ಹೇಳಬಹುದಿತ್ತು" ಎಂದೆ. ಇಬ್ಬರೂ ಅತ್ತೆವು. ಹೊರಗೆ ಅಪ್ಪ ಗಾದಿಯ ಮೇಲೆ ತೂಕಡಿಸುತ್ತಿದ್ದರು.

ಕಾಲೇಜಿಗೆ ನಾನು ಉತ್ತರ ಬರೆಯಲಿಲ್ಲ. ಗಡುವು ದಾಟಿದ ಮೇಲೆ ಅವರೇ ಬರೆದರು: ಈ ವರ್ಷ ಪರಿಗಣಿಸಲು ಆಗುವುದಿಲ್ಲ, ವಯಸ್ಸಿನ ಮಿತಿಯೊಳಗೆ ಮತ್ತೆ ಅರ್ಜಿ ಹಾಕಬಹುದು. ಬಾಗಿಲು ಮುಚ್ಚಿಬಿಟ್ಟಿದ್ದರೆ ಒಂದು ರೀತಿ ವಾಸಿಯಿತ್ತು. ಅರ್ಧ ತೆರೆದು ಬಿಟ್ಟರು.

ಮೇಷ್ಟ್ರು ಅದರ ಮರುವರ್ಷ ಅಡಿಕೆ ತಂದಾಗ, "ಈ ವರ್ಷ ಹೆಂಗಮ್ಮಾ?" ಎಂದರು. ಬೇರೆ ಯಾರಿಂದಲಾದರೂ ಬರೆಸೋಣ ಎಂದರು. ಯಾರಿಂದ ಬರೆಸಿದರೂ ಅದೇ ಬರೆಯುತ್ತಾರೆ ಸಾರ್, ಇಲ್ಲವೇ ಅಪ್ಪನ ಎದುರು ಹೇಳಿ ಬರೆಯುತ್ತಾರೆ ಎಂದೆ. ಅದರಾಚೆ ವರ್ಷವೂ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟು, ಬಂದಾಗ ಇಂಗ್ಲಿಷ್ ಪೇಪರನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದರು. ನಾನು ಅದನ್ನು ಪೂರ್ತಿ ಓದುತ್ತಿದ್ದೆ. ಖರೀದಿದಾರರು ಬರುತ್ತಿದ್ದರು, ಎಡಗೈ ಕೊಡುತ್ತಿದ್ದರು, ಒಳಗೆ ಬರುತ್ತಿದ್ದರು. ಸಾಹುಕಾರರು ನನ್ನ ಹತ್ತಿರ ಚೌಕಾಸಿ ಮಾಡುವುದನ್ನೇ ನಿಲ್ಲಿಸಿಬಿಟ್ಟರು. ಹೇಳಿದ ರೇಟಿಗೆ ಒಪ್ಪಿ ಹೋಗುತ್ತಿದ್ದರು. ನನಗೆ ಅದೂ ಹಿಂಸೆ. ಒಮ್ಮೆ ಬೇಕೆಂದೇ ವಿಪರೀತ ಹೇಳಿದೆ, ಅದಕ್ಕೂ ತಲೆಯಾಡಿಸಿದಾಗ ನಾನೇ ಇಳಿಸಿದೆ.

ಶ್ರಾವಣದಲ್ಲಿ ನನಗೆ ನಲವತ್ತು ತುಂಬಿತು. ಅಮ್ಮ ಪಾಯಸ ಮಾಡಿದಳು, ಯಾಕೆಂದು ಹೇಳಲಿಲ್ಲ. ಅಪ್ಪನಿಗೆ ನಾನೇ ಚಮಚದಲ್ಲಿ ತಿನ್ನಿಸಿದೆ.

ಕಾರ್ತಿಕದಲ್ಲಿ ಅಪ್ಪ ಹೋದರು. ಬೆಳಗಿನ ಜಾವ, ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ನಮ್ಮ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದೆವು. ಹೊನ್ನಾಳಿ, ನ್ಯಾಮತಿ, ಸಂತೇಬೆನ್ನೂರಿನ ವ್ಯಾಪಾರಿಗಳೆಲ್ಲ ಬಂದಿದ್ದರು. ಪೇಟೆ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಯಜಮಾನರಂಥ ವ್ಯಾಪಾರಿ ಇನ್ನು ಹುಟ್ಟುವುದಿಲ್ಲ, ಕೊನೆಯವರೆಗೂ ತಮ್ಮ ಕೈಯಾರೆ ಮಂಡಿ ನಡೆಸಿದರು ಎಂದು ಒಬ್ಬರು ಭಾಷಣದ ಹಾಗೆ ಹೇಳಿದರು. ಎಲ್ಲರೂ ಹೌದೆಂದರು. ನಾನೂ ತಲೆಯಾಡಿಸಿದೆ.

ಮೂರನೆಯ ದಿನ ನ್ಯಾಮತಿಯ ಸಾಹುಕಾರರು ಮತ್ತೆ ಬಂದರು. ಎಂಬತ್ತರ ಹತ್ತಿರದವರು, ಮೊಮ್ಮಗನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಬರಿದಾದ ಗಾದಿಗೆ ಕೈಮುಗಿದು ಅದರ ಕೆಳಗೆ ಚಾಪೆಯ ಮೇಲೆ ಕೂತು ನನ್ನನ್ನು ಕರೆದರು.

"ತಾಯಿ, ಇನ್ನು ನನಗೆ ಯಾರ ಹಂಗೂ ಇಲ್ಲ. ವಕೀಲರಿಗೆ ಹೇಳಿ ಬಂದೀನಿ. ನೀನೇ ನಡೆಸಿದ್ದು, ಮೊದಲಿಂದ ಕೊನೆತನಕ ನೀನೇ ನಡೆಸಿದ್ದು ಅಂತ ಬರೀತೀನಿ. ಬೇಕಾದ್ರೆ ಪ್ಯಾಟೆಯೋರ ರುಜು ಎಲ್ಲಾ ಹಾಕಿಸ್ತೀನಿ. ಆ ಕಾಲೇಜಿಗೆ ಮತ್ತೆ ಅರ್ಜಿ ಹಾಕು."

"ನನಗೆ ನಲವತ್ತು ತುಂಬಿತು ಸಾವ್ಕಾರ್ರೇ. ಅವರು ತಗೊಳ್ಳಲ್ಲ."

"ಯಾವಾಗ ತುಂಬಿತು?"

"ಶ್ರಾವಣದಾಗೆ."

ಅವರು ಬಾಯಲ್ಲೇ ತಿಂಗಳು ಎಣಿಸಿದರು. ಶ್ರಾವಣ, ಭಾದ್ರಪದ, ಆಶ್ವೀಜ. "ಅಯ್ಯೋ, ಒಂದು ನಾಕು ತಿಂಗಳು ಮೊದ್ಲು ಆಗಿದ್ರೆ..." ಎಂದವರು ನಾಲಿಗೆ ಕಚ್ಚಿಕೊಂಡರು. "ತಪ್ಪಾತು ತಾಯಿ. ಮುದುಕ, ಬಾಯಿ ತಪ್ಪಿ ಬಂತು. ಮನಸ್ಸಿನಾಗೆ ಇಟ್ಕಬ್ಯಾಡ" ಎಂದು ಎರಡೂ ಕೈ ಜೋಡಿಸಿದರು.

ಪರವಾಗಿಲ್ಲ ಎಂದು ನಾನು ಅವರ ಕೈ ಬಿಡಿಸಿ ಚಹಾ ತರಲು ಎದ್ದೆ. ಅವರದ್ದೇನು ತಪ್ಪು? ಅಪ್ಪನ ಉಸಿರು ನಿಂತ ಬೆಳಿಗ್ಗೆ, ಅಮ್ಮ ಇನ್ನೂ ಅಳಲು ಶುರುಮಾಡುವ ಮೊದಲೇ, ಆ ಲೆಕ್ಕವನ್ನು ನಾನು ಹಾಕಿ ಮುಗಿಸಿದ್ದೆ.